ನಾನು ಮುಂದಕ್ಕೆ ಕಳಿಸಿದ ಆಡಿಯೋ

ನಾವು ನಾಲ್ವರು ಕಲಬುರಗಿಯ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿ ಇದ್ದವರು. ಅಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದು ಕಡಿಮೆ. ಊರೇ ಹೆಸರು. ನಾನು ಆಳಂದ, ಉಳಿದವರು ಖಜೂರಿ, ಗೊಬ್ಬೂರ, ಜೇವರ್ಗಿ. ಓದು ಮುಗಿದು, ಅವರವರ ಊರಲ್ಲೇ ಲಗ್ನಗಳಾಗಿ, ಮಕ್ಕಳಾಗಿ, ಒಬ್ಬರ ಮುಖ ಒಬ್ಬರು ನೋಡದೆ ಆರೇಳು ವರ್ಷ ಕಳೆದ ಮೇಲೆ ಖಜೂರಿಯವಳು ಎಲ್ಲಿಂದಲೋ ನಮ್ಮೆಲ್ಲರ ನಂಬರು ಹುಡುಕಿ ಮೊಬೈಲಿನಲ್ಲಿ ಒಂದು ಗ್ರೂಪ್ ಮಾಡಿದಳು. ಅದಕ್ಕೆ ನಮ್ಮ ಹಳೆಯ ಕೋಣೆಯ ನಂಬರನ್ನೇ ಹೆಸರಿಟ್ಟಳು.

ಆ ಗ್ರೂಪಿನಲ್ಲಿ ದೊಡ್ಡ ಮಾತು ಯಾವುದೂ ಇರಲಿಲ್ಲ. ಬೆಳಿಗ್ಗೆ ಎದ್ದರೆ ಗೊಬ್ಬೂರದವಳ ಗುಲಾಬಿ ಹೂವಿನ ಚಿತ್ರ. "ಇವತ್ತೇನ್ ಪಲ್ಯಾ ಬೇ?" ಎಂದು ಖಜೂರಿಯವಳು. ಅವಳು, ಅವಳ ಗಂಡ ಕೂಡಿ ಮಹಾರಾಷ್ಟ್ರದ ದಾರಿಯಲ್ಲಿ ಲಾರಿಯವರಿಗಾಗಿ ಸಣ್ಣ ಖಾನಾವಳಿ ನಡೆಸುತ್ತಾರೆ. ಎರಡು ಬುಟ್ಟಿ ರೊಟ್ಟಿ ತಟ್ಟಿ ಮುಗಿಸಿ, ಹಿಟ್ಟಿನ ಕೈಯಲ್ಲೇ ಒತ್ತಿದ ಅವಳ ಅಕ್ಷರಗಳಲ್ಲಿ ಅರ್ಧ ತಪ್ಪು. ಗೊಬ್ಬೂರದವಳು ಹೊಲಿಗೆ ಮಾಡುತ್ತಾಳೆ, ಸುತ್ತಲಿನ ನಾಲ್ಕು ಹಳ್ಳಿಯ ಮಹಿಳಾ ಸಂಘಗಳನ್ನು ನೋಡಿಕೊಳ್ಳುತ್ತಾಳೆ. ಜೇವರ್ಗಿಯವಳು ಮನೆಯಲ್ಲೇ ಕುಳಿತು ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಅವಳ ಗಂಡ ಗಾಡಿಯ ಮೇಲೆ ಊರೂರು ತಿರುಗಿ ಗ್ಯಾಸ್ ಒಲೆ, ಮಿಕ್ಸರ್ ರಿಪೇರಿ ಮಾಡುವವ. ಅವನ ಗಾಡಿಗೆ ಕಟ್ಟಿದ ಸ್ಪೀಕರಿನಲ್ಲಿ ಕೂಗುವ ಧ್ವನಿ ಇವಳದೇ. "ಒಲಿ ರಿಪೇರಿ, ಮಿಕ್ಸರ್ ರಿಪೇರಿ, ಹೊರಗ ಬರ್ರೀ ಅಕ್ಕಾರ" ಎಂದು ಅವಳು ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿದ ದಿನ ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ನಾನು ಆಳಂದದಲ್ಲಿ ಅಂಗನವಾಡಿ ಟೀಚರು. ಮೂರರಿಂದ ಆರು ವರ್ಷದ ಇಪ್ಪತ್ತು ಚಿಲ್ಲರೆ ಮಕ್ಕಳು ದಿನವೂ ನನ್ನ ಕೈಯಲ್ಲಿರುತ್ತವೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಆ ಆಡಿಯೋ ನನ್ನ ಫೋನಿಗೆ ಬಂದಾಗ ನಾನು ಯಾಕೆ ಅಷ್ಟು ಹೆದರಿದೆ ಎಂಬುದಕ್ಕೆ ನನ್ನ ಬಳಿ ಇರುವ ಕಾರಣ ಇದೊಂದೇ. ನೆಪ ಎಂದು ಯಾರಾದರೂ ಅಂದರೆ ಅನ್ನಲಿ.

ಅದನ್ನು ಕಳಿಸಿದ್ದು ನನ್ನ ನಾದಿನಿ. ಯಾರೋ ಹೆಂಗಸು ಅಳುತ್ತ ಮಾತಾಡುತ್ತಿದ್ದಳು. ನಮ್ಮದೇ ಮಾತು, ನಮ್ಮ ಕಡೆಯದೇ ರಾಗ. "ಅಕ್ಕಾರ, ನಿಮ್ಮ ಮಕ್ಕಳಿಗಿ ಹೊರಗ ಬಿಡಬ್ಯಾಡ್ರಿ. ರಿಪೇರಿ ಮಾಡ್ತೇವಿ, ಬಟ್ಟಿ ಮಾರ್ತೇವಿ ಅಂತ ಬರ್ತಾರ. ಪೆಪ್ಪರಮೆಂಟ ಕೊಡ್ತಾರ. ನಮ್ಮ ಓಣಿ ಕೂಸಿಗಿ ಒಯ್ದಾರ್ರಿ, ನಮ್ಮ ಓಣಿ ಕೂಸಿಗಿ..." ಯಾವ ಊರು, ಯಾವ ಓಣಿ ಎಂದು ಅವಳು ಹೇಳಲಿಲ್ಲ. ನಾನು ಕೇಳಿಕೊಳ್ಳಲೂ ಇಲ್ಲ. ಅವಳ ಅಳು ಎಷ್ಟು ಖರೆ ಅನಿಸಿತೆಂದರೆ ಅಂಗನವಾಡಿಯ ಬಾಗಿಲಿಗೆ ಹೋಗಿ ಚಿಲಕ ಹಾಕಿ ಬಂದೆ. ಆಮೇಲೆ ಅದನ್ನು ನಮ್ಮ ಗ್ರೂಪಿಗೆ ಹಾಕಿ, ಕೆಳಗೆ ಒಂದು ಸಾಲು ಬರೆದೆ. "ಇದು ಖರೇ ಅದ. ನಮ್ಮ ಕಡಿನೂ ಬಂದಾರಂತ. ಹುಷಾರಿರ್ರಿ."

ಖರೇ ಎಂದು ನನಗೆ ಯಾರು ಹೇಳಿದ್ದರು? ಯಾರೂ ಇಲ್ಲ.

ಗೊಬ್ಬೂರದವಳು ಕೈ ಮುಗಿದ ಚಿತ್ರ ಹಾಕಿ, "ನಮ್ಮ ಸಂಘದವ್ರಿಗೆಲ್ಲ ಕಳಸ್ತೇನಿ" ಎಂದಳು. ಜೇವರ್ಗಿಯವಳು ಸ್ವಲ್ಪ ಹೊತ್ತಾದ ಮೇಲೆ ಬರೆದಳು: "ನಮ್ಮ ಮನಿಯವ್ರೂ ದಿನಾ ಊರೂರು ತಿರಗ್ತಾರಬೇ. ಅಂಥವ್ರು ಕಂಡ್ರ ಪೊಲೀಸರಿಗಿ ಹೇಳ್ರಿ ಅಂತ ಹೇಳ್ತೇನಿ." ಆ ಸಾಲು ಇವತ್ತಿಗೂ ನನ್ನ ಕಣ್ಣ ಮುಂದಿದೆ. ನಾಲ್ವರಲ್ಲಿ ಒಬ್ಬಳಿಗಾದರೂ, ರಿಪೇರಿಯವರು ಎಂದರೆ ಇವಳ ಗಂಡನೂ ರಿಪೇರಿಯವನೇ ಅಲ್ಲವೇ ಎಂದು ಹೊಳೆಯಲಿಲ್ಲ. ಅವಳಿಗೇ ಹೊಳೆಯಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಮಕ್ಕಳಿಗೆ ಊಟಕ್ಕೆ ಬಡಿಸುತ್ತಿದ್ದೆ. ಖಜೂರಿಯವಳು ಒಂದು ವಿಡಿಯೋ ಹಾಕಿದಳು. ಮೇಲೆ, "ನೋಡ್ರೆ, ಮಕ್ಕಳ ಕಳ್ಳ ಸಿಕ್ಕಾನಂತ" ಎಂದು ಬರೆದಿದ್ದಳು. ಸಾರಿನ ಸೌಟು ಕೆಳಗಿಟ್ಟು ನೋಡಿದೆ. ಲೈಟಿನ ಕಂಬಕ್ಕೆ ಕೈ ಹಿಂದಕ್ಕೆ ಕಟ್ಟಿ ಒಬ್ಬನನ್ನು ನೆಲದ ಮೇಲೆ ಕೂರಿಸಿದ್ದರು. ಅಂಗಿ ಹರಿದಿತ್ತು. ಒಂದು ಕಣ್ಣು ಪೂರ್ತಿ ಮುಚ್ಚಿಹೋಗುವಷ್ಟು ಬಾತಿತ್ತು. ತುಟಿಯಿಂದ ರಕ್ತ ಇಳಿದು ಗದ್ದದಲ್ಲಿ ಒಣಗಿತ್ತು. ಅವನು ಏನೋ ಹೇಳುತ್ತಿದ್ದ. ಗದ್ದಲದಲ್ಲಿ ಕೇಳುತ್ತಿರಲಿಲ್ಲ. "ಬ್ಯಾಗ್ ತೋರಸ್ರಿ, ಬ್ಯಾಗ್ ತೋರಸ್ರಿ" ಎಂದು ಯಾರೋ ಕೂಗಿದರು. ಇನ್ನಾರೋ ಚಪ್ಪಲಿಯಿಂದ ಅವನ ತಲೆಗೆ ಹೊಡೆದರು. ನಲವತ್ತು ಸೆಕೆಂಡು.

ನನಗೆ ಆಗ ಅನಿಸಿದ್ದು ಸಮಾಧಾನ. ಅದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ನಾಲ್ಕು ದಿನದ ಭಯ ಇಳಿದಂತಾಗಿ ನಾನು ಟೈಪ್ ಮಾಡಿದೆ: "ಛಲೋ ಆತು. ಇಂಥವ್ರಿಗಿ ಬಿಡಬಾರದು."

ನನ್ನ ಸಾಲಿನ ಕೆಳಗೆ ಜೇವರ್ಗಿಯವಳು ಟೈಪ್ ಮಾಡುತ್ತಿದ್ದಾಳೆ ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಆಮೇಲೆ ಬಂತು.

"ಇವ್ರು ನಮ್ಮ ಮನಿಯವ್ರು."

ನಾನು ಅವನನ್ನು ನೋಡಿದ್ದು ಅವರ ಲಗ್ನದಲ್ಲಿ ಒಮ್ಮೆ, ಬಾಸಿಂಗ ಕಟ್ಟಿಕೊಂಡಿದ್ದಾಗ. ಆ ಬಾತ ಮುಖದಲ್ಲಿ ನನಗೆ ಯಾರೂ ಕಾಣಲಿಲ್ಲ. ಅವಳು ಹೇಗೆ ಗುರುತು ಹಿಡಿದಳೋ. ಅಂಗಿಯಿಂದಲೋ, ಕೂತ ರೀತಿಯಿಂದಲೋ. ತಕ್ಷಣ ಫೋನ್ ಹಚ್ಚಿದೆ. ಎತ್ತಿದಳು. ಒಂದೇ ಸಮನೆ "ಆಳಂದಾ, ಆಳಂದಾ" ಎಂದು ನನ್ನ ಹಾಸ್ಟೆಲ್ಲಿನ ಹೆಸರು ಕರೆಯುತ್ತಿದ್ದಳು. ಹಿಂದೆ ಅವಳ ಅತ್ತೆ ಎದೆ ಬಡಿದುಕೊಂಡು ಅಳುವುದು ಕೇಳುತ್ತಿತ್ತು.

"ಇವತ್ತ ಯಾವ ಕಡಿ ಹೋಗ್ಯಾರಬೇ? ಊರ ಹೆಸರ ಹೇಳು."

"ಗೊತ್ತಿಲ್ಲಬೇ. ಅಫಜಲಪುರ ಕಡಿ ಅಂದಿದ್ರು. ಮುಂಜಾನಿಂದ ಫೋನ್ ಹತ್ತವಲ್ದು. ಅವ್ರಿಗಿ ಕೊಲ್ಲತಾರಬೇ, ಕೊಲ್ಲತಾರ."

ಖಜೂರಿಯವಳಿಗೆ ಕೇಳಿದರೆ, ವಿಡಿಯೋ ಕೊಟ್ಟದ್ದು ಊಟಕ್ಕೆ ಬಂದ ಲಾರಿ ಡ್ರೈವರ್, ಅವನಿಗೆ ಇನ್ನಾವುದೋ ಗ್ರೂಪಿನಿಂದ ಬಂದದ್ದು, ಅವನಾಗಲೇ ಗಾಡಿ ಹೊಡೆದುಕೊಂಡು ಹೋಗಿಬಿಟ್ಟಿದ್ದಾನೆ. ನಾನು ಪೊಲೀಸರ ತುರ್ತು ನಂಬರಿಗೆ ಹಚ್ಚಿದೆ. ಆ ಕಡೆಯವರು ಸಮಾಧಾನದಿಂದಲೇ ಕೇಳಿದರು.

"ಯಾವ ಊರ್ರಿ?"

"ಗೊತ್ತಿಲ್ರಿ. ಅಫಜಲಪುರ ತಾಲೂಕದಾಗ ಇರಬೇಕ್ರಿ."

"ತಾಲೂಕದಾಗ ಎಷ್ಟ ಹಳ್ಳಿ ಅದಾವ ಅಕ್ಕಾರ. ಊರ ಹೆಸರ ಸಿಕ್ಕ ಕೂಡ್ಲೇ ಹೇಳ್ರಿ, ಗಾಡಿ ಹೊರಡಸ್ತೇವಿ."

ಆ ಮೇಲಿನ ಹದಿನೈದು ಇಪ್ಪತ್ತು ನಿಮಿಷ ನಾವು ಮೂವರು ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದೆವು. ಅವನನ್ನು ಬಿಟ್ಟು ಅವನ ಸುತ್ತ ಏನಿದೆ ಎಂದು ನೋಡಬೇಕಾಗಿತ್ತು. ಹೊಡೆತ ಬೀಳುವಾಗ ಕಣ್ಣು ತಪ್ಪಿಸದೆ ಅವನ ಭುಜದ ಹಿಂದೆ ಏನು ಬರೆದಿದೆ ಎಂದು ಓದಬೇಕಾಗಿತ್ತು. ಯಾವುದೋ ಬೋರ್ಡಿನ ಅರ್ಧ. ಒಂದು ಬೇವಿನ ಕಟ್ಟೆ. ನನ್ನ ಸುತ್ತ ಮಕ್ಕಳು ಅನ್ನ ಚೆಲ್ಲಿಕೊಂಡು ಕೂತಿದ್ದವು. ಸಹಾಯಕಿ ಬಂದು, "ಏನಾತ್ರಿ ಟೀಚರ?" ಎಂದು ಭುಜ ಅಲುಗಾಡಿಸಿದಾಗ ಸೌಟು ಅವಳ ಕೈಗೆ ಕೊಟ್ಟು ಮತ್ತೆ ಫೋನಿಗೆ ತಿರುಗಿದೆ.

ಗುರುತು ಹಿಡಿದವಳು ಗೊಬ್ಬೂರದವಳು. "ಹಿಂದ ಗಿರಣಿ ಅದ ನೋಡ್ರಿ. ಬಾಗಿಲಾ ಅರ್ಧ ಹಸರ, ಅರ್ಧ ಕೆಂಪ. ಆ ಗಿರಣಿ ನಂಗ ಗೊತ್ತದ. ನಮ್ಮೂರಿಂದ ದೂರಿಲ್ಲ. ನಮ್ಮ ಸಂಘ ಅದ ಅಲ್ಲಿ." ಊರಿನ ಹೆಸರನ್ನೂ ಹೇಳಿದಳು. ನಾನು ಪೊಲೀಸರಿಗೆ ಹೇಳಿದೆ. ಆದರೆ ಗಾಡಿ ಮುಟ್ಟುವ ತನಕ ಅವಳು ಕಾಯಲಿಲ್ಲ. ಮೈದುನನ ಸ್ಕೂಟಿ ತಾನೇ ತೆಗೆದುಕೊಂಡು ಹೊರಟಳು.

ಆಮೇಲೆ ಗ್ರೂಪಿಗೆ ಅವಳ ಧ್ವನಿಗಳು ಬಂದವು. ಮೊದಲನೆಯದರಲ್ಲಿ ಬರೀ ಗಾಳಿ, ನಡುವೆ "ಹೊಂಟೀನಬೇ, ಅಂಜಬ್ಯಾಡ" ಎಂದು ಜೇವರ್ಗಿಯವಳಿಗೆ. ಎರಡನೆಯದು ಅವಳು ಬೇಕೆಂದು ಕಳಿಸಿದ್ದೋ, ಕೈ ಒತ್ತಿ ಹೋದದ್ದೋ ಗೊತ್ತಿಲ್ಲ. ಗದ್ದಲ. ಗಂಡಸರ ಕೂಗು. ಅದರ ಮೇಲೆ ಅವಳ ಕೂಗು: "ಇಂವ ನಮ್ಮವ ಅದಾನ್ರಿ! ನನ್ನ ಗೆಳತಿ ಗಂಡ ಅದಾನ! ನಿಮ್ಮ ಕಾಲ ಬೀಳ್ತೇನ್ರಿ, ಕೈ ಬಿಡ್ರಿ!" ಆಮೇಲೆ ಏನೋ ಬಿದ್ದ ಸದ್ದು. ಅಷ್ಟಕ್ಕೇ ಕಡಿಯಿತು.

ಅದಾದ ಮೇಲೆ ಏನೂ ಬರಲಿಲ್ಲ. ಜೇವರ್ಗಿಯವಳು ಪ್ರಶ್ನಾರ್ಥಕ ಚಿಹ್ನೆಗಳನ್ನು ಹಾಕುತ್ತಲೇ ಇದ್ದಳು. ಸಾಲು ಸಾಲಾಗಿ. ಅಕ್ಷರವಿಲ್ಲ. ಎಷ್ಟೋ ಹೊತ್ತಿನ ಮೇಲೆ ಗೊಬ್ಬೂರದವಳ ಎರಡೇ ಮಾತು ಬಂದವು. "ಪೊಲೀಸ್ರು ಬಂದ್ರು. ಉಸಿರದ."

ಅಫಜಲಪುರದಿಂದ ಅವನನ್ನು ಕಲಬುರಗಿಗೆ ಸಾಗಿಸುತ್ತಿದ್ದಾರೆಂದು ತಿಳಿದು ನಾನು ಆಳಂದದಿಂದ ಬಸ್ಸು ಹತ್ತಿದೆ. ಕಿಟಕಿಯ ಹೊರಗೆ ತೊಗರಿ ಹೂವಾಗಿತ್ತು. ಬಸ್ಸಿನಲ್ಲಿ ಕೂತು ನಾನು ಮಾಡಿದ ಕೆಲಸ ಇದು: ಗ್ರೂಪ್ ತೆರೆದು ಮೇಲಕ್ಕೆ ಸರಿಸುತ್ತ ಹೋಗಿ ಆ ಆಡಿಯೋ ಹುಡುಕಿದೆ. ಎಲ್ಲರ ಫೋನಿನಿಂದ ಅಳಿಸಲು ನೋಡಿದೆ. ಅದಕ್ಕೆ ಇರುವ ಸಮಯ ದಾಟಿತ್ತು. ನನ್ನ ಫೋನಿನಿಂದ ಮಾತ್ರ ಅಳಿಸುವುದಕ್ಕಾಗುತ್ತಿತ್ತು. ಅಳಿಸಿದೆ. ಕೆಳಗಿನ ನನ್ನ ಸಾಲನ್ನೂ ಅಳಿಸಿದೆ. "ಛಲೋ ಆತು" ಅಂದದ್ದು ಹೊಸದಿತ್ತು, ಅದು ಎಲ್ಲರ ಫೋನಿನಿಂದಲೂ ಹೋಯಿತು. ಹೋಗಿದ್ದರ ಗುರುತು ಮಾತ್ರ ಉಳಿಯಿತು. ಗೆಳತಿಯ ಗಂಡ ಬದುಕುತ್ತಾನೋ ಇಲ್ಲವೋ ಗೊತ್ತಿಲ್ಲದ ಹೊತ್ತಿನಲ್ಲಿ ನಾನು ನನ್ನನ್ನು ಉಳಿಸಿಕೊಳ್ಳುತ್ತಿದ್ದೆ.

ಆಸ್ಪತ್ರೆಯ ಪಡಸಾಲೆಯಲ್ಲಿ ಗೊಬ್ಬೂರದವಳು ಗೋಡೆಗೆ ಒರಗಿ ಕೂತಿದ್ದಳು. ಅವಳ ಹಣೆಗೂ ಪಟ್ಟಿ ಇತ್ತು. ಇಷ್ಟು ವರ್ಷಗಳ ಮೇಲೆ ನಾವು ಮುಖಾಮುಖಿ ಆದದ್ದು ಹಾಗೆ. ತಬ್ಬಿಕೊಳ್ಳಲು ಹೋದರೆ ಅವಳು ನನ್ನ ಮುಂಗೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.

"ಮಿಕ್ಸರ್ ವಾಪಸ್ ಕೊಡಾಕ ಹೋಗಿದ್ದಂತಬೇ. ಬಾಗಿಲಾಗ ಸಣ್ಣ ಹುಡುಗಿ ಇತ್ತು. ನಿಮ್ಮವ್ವ ಎಲ್ಲಿ ಅಂತ ಕೇಳಿ, ಅದರ ಕೈಯಾಗ ಒಂದ ಪೆಪ್ಪರಮೆಂಟ ಕೊಟ್ಟನಂತ. ಅಷ್ಟ."

ಹಣೆಯ ಪಟ್ಟಿ ಮುಟ್ಟಿ ನೋಡಿಕೊಂಡು ಅವಳೇ ಮುಂದುವರಿಸಿದಳು.

"ಅಲ್ಲಿ ಒಬ್ಬಾಕಿ ನಂಗ ಫೋನ್ ತೋರಿಸಿದಳು. ನಮ್ಮ ಸಂಘದಾಕಿನೇ. 'ನೀವೇ ಕಳಿಸಿದ್ರಲ್ಲ ಅಕ್ಕಾರ, ಈಗ ನೀವೇ ಬಿಡ್ರಿ ಅಂತೀರಿ' ಅಂದಳು. ಅದೇ ಆಡಿಯೋ. ನೀ ಬರೆದ ಸಾಲೂ ಹಂಗೇ ಇತ್ತು. ಅಂಗನವಾಡಿ ಟೀಚರೇ ಕಳಿಸ್ಯಾರ ಅಂತ ಮ್ಯಾಲ ನಾನೇ ಸೇರಿಸಿದ್ದೆ. ನಂಬ್ಲಿ ಅಂತ."

ಆ ಊರಿನವರು ಅದನ್ನು ಇನ್ನೂ ನಾಲ್ಕು ಕಡೆಯಿಂದ ಕೇಳಿರಬಹುದು. ನಮ್ಮಿಂದಲೇ ಆಯಿತು ಎಂದು ಯಾರೂ ಸಾಧಿಸಲಾರರು. ಆದರೆ ಆ ಪಡಸಾಲೆಯಲ್ಲಿ ಆ ಲೆಕ್ಕ ನಮ್ಮಿಬ್ಬರಿಗೂ ಬೇಕಾಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಜೇವರ್ಗಿಯವಳು ಅತ್ತೆಯನ್ನು ಕರೆದುಕೊಂಡು ಬಂದಳು. ನಮ್ಮಿಬ್ಬರ ಮುಖ ನೋಡಿದಳೋ ಇಲ್ಲವೋ, ನೇರ ಒಳಗೆ ಹೋದಳು. ಹೊರಗೆ ಬಂದಾಗ ಪೊಲೀಸಿನವರೊಬ್ಬರು ಅವಳ ಫೋನು ಕೇಳಿ ತೆಗೆದುಕೊಂಡು, ಗ್ರೂಪ್ ತೆರೆದು, ಬೆರಳಿನಿಂದ ಮೇಲಕ್ಕೆ ಸರಿಸುತ್ತ ಹೋದರು. ನನಗೆ ಗೊತ್ತಿತ್ತು ಎಲ್ಲಿ ನಿಲ್ಲುತ್ತಾರೆಂದು. ನಿಂತರು. ಆ ಹೆಂಗಸಿನ ಅಳು ಪಡಸಾಲೆಯಲ್ಲಿ ಕೇಳಿಸಿತು.

"ಇದು ಯಾರ ನಂಬರ್ರಿ?"

ಅವಳು ನನ್ನ ಕಡೆ ನೋಡದೆ ಹೇಳಿದಳು. "ನನ್ನ ಗೆಳತಿದ್ರಿ."

ನಾನು ಎದ್ದು ನಿಂತು, ನಾನೇ ಎಂದೆ. ಯಾರು ಕಳಿಸಿದರು ಎಂದು ಕೇಳಿದರು. ನಾದಿನಿಯ ಹೆಸರು ಹೇಳಿದೆ. ಅವಳಿಗೆ ಯಾರದೋ ಲಗ್ನಕ್ಕೆಂದು ಮಾಡಿದ ಗ್ರೂಪಿನಿಂದ ಬಂದಿತ್ತಂತೆ. ಅಲ್ಲಿಗೆ ಹಾಕಿದವರಿಗೆ ಇನ್ನೆಲ್ಲಿಂದಲೋ. ಅವರು ಬರೆದುಕೊಂಡರು. ಆಮೇಲೆ ಎರಡು ಸಲ ನನ್ನನ್ನು ಕರೆಸಿ ಹೇಳಿಕೆ ಪಡೆದರು. ಆ ಊರಿನ ಕೆಲವರನ್ನು ಹಿಡಿದರು. ಅಳುತ್ತಿದ್ದ ಹೆಂಗಸು ಯಾರೆಂದು ಮಾತ್ರ ಕೊನೆಗೂ ಗೊತ್ತಾಗಲಿಲ್ಲ. ಕೂಸು ಕಳೆದ ದೂರು ಯಾವ ಠಾಣೆಯಲ್ಲೂ ಇರಲಿಲ್ಲ.

ಅವನು ಬದುಕಿದ. ಬಲಗೈಯ ಮೂರು ಬೆರಳು ಸರಿಯಾಗಿ ಕೂಡಲಿಲ್ಲ. ಎಡಗಿವಿ ಕೇಳಿಸುವುದಿಲ್ಲ. ಇದೆಲ್ಲ ನನಗೆ ತಿಳಿದದ್ದು ಗೊಬ್ಬೂರದವಳಿಂದ. ಏಕೆಂದರೆ ಆಸ್ಪತ್ರೆಯಿಂದ ಮನೆಗೆ ಹೋದ ದಿನವೇ ಜೇವರ್ಗಿಯವಳು ಗ್ರೂಪ್ ಬಿಟ್ಟಳು. ಬಿಟ್ಟರು ಎಂದು ಬೂದು ಬಣ್ಣದ ಒಂದು ಸಾಲು. ನಾನು ಅವಳಿಗೆ ಬೇರೆಯಾಗಿ ಬರೆದೆ. ದಿನಾ ಬರೆದೆ. ಬರೆದದ್ದರ ಪಕ್ಕ ಒಂದೇ ಟಿಕ್ ಗುರುತು ಬೀಳುತ್ತಿತ್ತು, ಮುಟ್ಟಿದಾಗ ಬೀಳುವ ಎರಡನೆಯದು ಬೀಳುತ್ತಿರಲಿಲ್ಲ. ನನ್ನ ನಂಬರನ್ನು ತಡೆದಿದ್ದಾಳೆಂದು ತಿಳಿಯಲು ನನಗೆ ವಾರ ಬೇಕಾಯಿತು. ಗ್ರೂಪಿನಲ್ಲಿ ಉಳಿದ ಮೂವರೂ ಏನೂ ಬರೆಯುತ್ತಿರಲಿಲ್ಲ. ಬರೆದರೆ ಏನು ಬರೆಯುವುದು, ಇವತ್ತೇನ್ ಪಲ್ಯಾ ಎಂದೇ?

ಅಂಗನವಾಡಿಯಲ್ಲಿ ತಾಯಂದಿರನ್ನು ಕೂಡಿಸಿ ನಡೆದದ್ದನ್ನೆಲ್ಲ ಹೇಳಿದೆ. ನಾನು ಕಳಿಸಿದ್ದು ಸುಳ್ಳು, ನನ್ನಿಂದ ತಪ್ಪಾಗಿದೆ ಎಂದೆ. ಕೆಲವರು ತಲೆ ತಗ್ಗಿಸಿ ಕೇಳಿದರು. ಒಬ್ಬಾಕೆ ಎದ್ದು, "ಹುಷಾರಿದ್ರ ತಪ್ಪೇನ್ರಿ ಟೀಚರ?" ಎಂದು ಮಗುವನ್ನು ಎತ್ತಿಕೊಂಡು ಹೋದಳು. ಮನೆಯಲ್ಲಿ ನನ್ನ ಗಂಡ, "ನೀ ಏನ್ ಬಡದಿ ಏನ್, ಬರೇ ಕಳಿಸಿದಿ" ಎಂದು ಸಮಾಧಾನ ಮಾಡಿದರು. ಅವರು ಹಾಗೆಂದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಬೇಸಿಗೆಯಲ್ಲಿ, ಅಂಗನವಾಡಿಗೆ ರಜೆ ಬಿದ್ದ ಮೇಲೆ, ಯಾರಿಗೂ ಹೇಳದೆ ಜೇವರ್ಗಿಗೆ ಹೋದೆ. ಮನೆ ಕೇಳಿಕೊಂಡು ಹೋದಾಗ ಅವನು ಕಟ್ಟೆಯ ಮೇಲೆ ನೆರಳಲ್ಲಿ ಕೂತಿದ್ದ. ಕೊರಳಲ್ಲಿ ಒಂದು ಕಾರ್ಡು ನೇತು ಹಾಕಿಕೊಂಡಿದ್ದ. ಅವನ ಫೋಟೊ, ಹೆಸರು, ಊರು, ಕೆಳಗೆ ದೊಡ್ಡ ಅಕ್ಷರದಲ್ಲಿ "ಗ್ಯಾಸ್ ಒಲೆ, ಮಿಕ್ಸರ್ ರಿಪೇರಿ". ಮನೆಯ ಕಟ್ಟೆಯ ಮೇಲೆ ಕೂರಲೂ ಅವನಿಗೆ ಅದು ಬೇಕಾಗಿತ್ತು. ನಾನು ಯಾರೆಂದು ಹೇಳಿದೆ. ಬಲಗಿವಿ ನನ್ನ ಕಡೆ ತಿರುಗಿಸಿ ಇನ್ನೊಮ್ಮೆ ಕೇಳಿದ. ಆಮೇಲೆ ಮುಖ ಅರಳಿಸಿ, "ಆಳಂದದ ಅಕ್ಕಾರ? ನೀವೇ ಪೊಲೀಸರಿಗಿ ಫೋನ್ ಹಚ್ಚಿದ್ರಂತ. ಬರ್ರಿ, ಒಳಗ ಬರ್ರಿ" ಎಂದ. ಎದುರುಮನೆಯ ಕೂಸೊಂದು ಓಡುತ್ತ ನಮ್ಮ ಹತ್ತಿರ ಬಂತು. ಅವನು ಕೈಗಳನ್ನು ಹಿಂದಕ್ಕೆ ಸರಿಸಿಕೊಂಡು ಗೋಡೆಗೆ ಅಂಟಿ ಕೂತ. ಅದು ದಾಟಿ ಹೋಗುವ ತನಕ ಅಲುಗಾಡಲಿಲ್ಲ.

ಅವನಿಗೆ ಅರ್ಧವಷ್ಟೇ ಗೊತ್ತಿದೆ ಎಂದು ನನಗೆ ಅರ್ಥವಾಯಿತು. ಉಳಿದರ್ಧ ಹೇಳುವ ಧೈರ್ಯ ನನಗೆ ಬರಲಿಲ್ಲ.

ಅವಳು ಒಳಗೆ ನೆಲದ ಮೇಲೆ ಸೀರೆಯ ಸೆರಗು ಹರಡಿಕೊಂಡು ಕುಚ್ಚು ಕಟ್ಟುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ, ಹೋಗು ಎನ್ನಲೂ ಇಲ್ಲ. ತಂಬಿಗೆಯಲ್ಲಿ ನೀರು ತಂದಿಟ್ಟದ್ದು ಅವಳ ಅತ್ತೆ. ಅತ್ತೆ ಹಿತ್ತಲಿಗೆ ಹೋದ ಮೇಲೆ ನಾನು ಅವಳ ಕಾಲಿನ ಹತ್ತಿರ ಕೂತೆ.

"ನನ್ನಿಂದ ಆತು. ಏನ್ ಹೇಳಲಿ ನಿಂಗ?"

ಅವಳು ದಾರ ಬಿಡಿಸುತ್ತಲೇ ಇದ್ದಳು. ಆಮೇಲೆ ಹೊರಗೆ ಕೇಳದ ಹಾಗೆ ಸಣ್ಣ ದನಿಯಲ್ಲಿ ಹೇಳಿದಳು.

"ನಾನೂ ಕಳಿಸಿದ್ದೆ."

"ಏನು?"

"ಅದೇ ಆಡಿಯೋ. ಓಣಿ ಗ್ರೂಪಿಗಿ, ನಮ್ಮ ಅತ್ತಿ ಮನಿಯವ್ರ ಗ್ರೂಪಿಗಿ. ನಮ್ಮ ಮನಿಯವ್ರ ತಂಗಿಗಿ ಅಫಜಲಪುರ ಕಡಿನೇ ಕೊಟ್ಟಾರ. ಪೊಲೀಸ್ರು ನಮ್ಮ ಗ್ರೂಪ್ ಅಷ್ಟ ನೋಡಿದ್ರು. ಇದು ನೋಡ್ಲಿಲ್ಲ." ದಾರ ಕೈಯಲ್ಲಿ ಸಿಕ್ಕಾಗಿತ್ತು. ಅವಳು ಅದನ್ನು ಬಿಡಿಸಲು ಹೋಗದೆ ಹಾಗೇ ಹಿಡಿದುಕೊಂಡಳು. "ಅವ್ರಿಗಿ ಹೇಳಿಲ್ಲಬೇ. ಹೆಂಗ ಹೇಳ್ಲಿ? ದಿನಾ ಅವ್ರ ಬೆರಳಿಗಿ ಎಣ್ಣಿ ಹಚ್ಚತೇನಿ. ಯಾರು ಹಬ್ಬಸಿದ್ರೋ ಅವ್ರ ಕೈ ಸೇದಿ ಹೋಗ್ಲಿ ಅಂತ ಅತ್ತಿ ಶಾಪಾ ಹಾಕ್ತಾಳ. ನಾ ಹಚ್ಚಕೋತ ಕೇಳ್ತೇನಿ."

ನಾನು ಅವಳ ಕೈ ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ಅತ್ತೆವೋ ಇಲ್ಲವೋ ನನಗೆ ಈಗ ನೆನಪಿಲ್ಲ. ನೆನಪಿರುವುದು ಅವಳು ಆಮೇಲೆ ಹೇಳಿದ್ದು.

"ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ನಿನ್ನ ಮಾರಿ ನೋಡಿದ್ರ ನಂಗ ನನ್ನ ಮಾರಿ ಕಾಣ್ತದಬೇ. ನಾ ಕರಿಯೋ ತನಕ ಬರಬ್ಯಾಡ."

ಊಟ ಮಾಡಿ ಹೋಗಬೇಕೆಂದು ಅವನು ಹಟ ಹಿಡಿದ. ಅವನ ಎದುರು ಕೂತು ಒಂದು ರೊಟ್ಟಿ ತಿಂದೆ. ಅವನು ಎಡಗೈಯಿಂದ ಮುರಿದು ತಿನ್ನುತ್ತಿದ್ದ. ಮಳೆಗಾಲ ಮುಗಿಯಲಿ, ಮತ್ತೆ ಗಾಡಿ ತೆಗೆಯುತ್ತೇನೆ ಎಂದ. ಅವಳು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಅದಾಗಿ ಒಂದು ವರ್ಷದ ಮೇಲಾಯಿತು. ಅವನು ಗಾಡಿ ತೆಗೆದಿಲ್ಲವೆಂದು ಗೊಬ್ಬೂರದವಳು ಹೇಳುತ್ತಾಳೆ. ನಾನು ಜೇವರ್ಗಿಯವಳ ಗುಟ್ಟನ್ನು ಗೊಬ್ಬೂರದವಳಿಗಾಗಲಿ, ನನ್ನ ಗಂಡನಿಗಾಗಲಿ ಹೇಳಿಲ್ಲ. ಹೆಸರಿಲ್ಲದೆ ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಅದು ಸರಿಯೋ ತಪ್ಪೋ ಎಂಬುದೂ ನನಗೆ ತಿಳಿಯದು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಮಕ್ಕಳನ್ನು ಬಿಟ್ಟು ಎದ್ದು ಹೋಗಿ ಎತ್ತುತ್ತೇನೆ. ಅವಳು ಇನ್ನೂ ಕರೆದಿಲ್ಲ.